ಸಾಕಿದ ನಾಯಿಗೆ ಮೂರಡಿ ಮಣ್ಣಿಲ್ಲದ ಊರು

ಬೆಳಗಿನ ಮೊದಲ ಬಸ್ಸಿಗೆ ಕೆರೆ ಏರಿ ಮೇಲೆ ಹೋಗುವವರಿಗೆ ಈ ವಾಸನೆ ಹೊಸದೇನಲ್ಲ. ಕಿಟಕಿ ಪಕ್ಕ ಕೂತವರು ಕರ್ಚೀಫು ತೆಗೆದು ಮೂಗಿಗೆ ಹಿಡಿಯುತ್ತಾರೆ. ನಿಂತವರು ಮುಖ ತಿರುಗಿಸುತ್ತಾರೆ. ತೂಬಿನ ಹತ್ತಿರ ಒಂದು ಗೋಣಿಚೀಲ ಬಿದ್ದಿರುತ್ತದೆ, ಬಾಯಿಗೆ ಹುರಿ ಬಿಗಿದಿರುತ್ತದೆ. ಬೀದಿನಾಯಿಗಳು ಎಳೆದಾಡಿ ಚೀಲ ಹರಿದಿದ್ದರೆ ಒಳಗಿನದು ಹೊರಗೆ ಕಾಣುತ್ತದೆ. ಕತ್ತಿನಲ್ಲಿ ಕೆಂಪು ಬೆಲ್ಟು ಇರುವ ಸಾಕುನಾಯಿ.

ಆ ಬೆಲ್ಟನ್ನು ನೋಡಿ ಸ್ವಾಮಿ. ಯಾರೋ ಅದನ್ನು ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡು ತಂದಿದ್ದಾರೆ. ನಾಯಿಗೆ ಹೆಸರಿಟ್ಟಿದ್ದಾರೆ. ಮಕ್ಕಳು ಅದರ ಜೊತೆ ಬೆಳೆದಿದ್ದಾರೆ. ಮನೆಯವರು ಊಟಕ್ಕೆ ಕೂತಾಗ ಅದು ಬಾಗಿಲಲ್ಲಿ ಕೂತಿದೆ, ರಾತ್ರಿ ಗೇಟು ಅಲುಗಿದರೆ ಬೊಗಳಿ ಮನೆ ಕಾದಿದೆ. ಹತ್ತು ಹನ್ನೆರಡು ವರ್ಷ ಹೀಗೆ ಬಾಳಿದ ಪ್ರಾಣಿ ಉಸಿರು ನಿಂತ ರಾತ್ರಿಯೇ ಗೋಣಿಚೀಲ ಸೇರಿ, ಸ್ಕೂಟರಿನಲ್ಲಿ ಕೆರೆಗೆ ಬಂದಿದೆ.

ತಂದು ಎಸೆದವರು ಕಟುಕರೇ? ಖಂಡಿತ ಅಲ್ಲ. ಅವತ್ತು ಅವರ ಮನೆಯಲ್ಲಿ ಒಲೆ ಹತ್ತಿರಲಿಕ್ಕಿಲ್ಲ. ಹುಡುಗರು ಅತ್ತೂ ಅತ್ತೂ ಸ್ಕೂಲಿಗೆ ಹೋಗಿರಲಿಕ್ಕಿಲ್ಲ. ಮುಂದೇನು ಮಾಡಬೇಕೋ ಅವರಿಗೆ ಗೊತ್ತಾಗಲಿಲ್ಲ, ಅಷ್ಟೆ. ಹೇಳಿಕೊಡುವವರೂ ಇರಲಿಲ್ಲ. ಸಾಕುಪ್ರಾಣಿ ಸತ್ತರೆ ಎಲ್ಲಿಗೆ ಒಯ್ಯಬೇಕು, ಯಾರನ್ನು ಕೇಳಬೇಕು, ಎಷ್ಟು ಕೊಡಬೇಕು ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದ ಒಂದು ಬೋರ್ಡು ನಮ್ಮೂರಿನಲ್ಲಿ ಎಲ್ಲೂ ಇಲ್ಲ.

ಚರಂಡಿ, ಬೀದಿದೀಪ, ಬಸ್ ಸ್ಟ್ಯಾಂಡಿನ ಶೌಚಾಲಯ ಎಂದು ಈ ಅಂಕಣದಲ್ಲಿ ಬರೆಯುವುದು ಇದ್ದೇ ಇದೆ. ಇವತ್ತು ಸತ್ತ ನಾಯಿಯ ವಿಚಾರ. ನಗುವವರು ನಗಲಿ. 'ನಾಯಿ ಸತ್ತದ್ದೂ ಒಂದು ಸುದ್ದಿಯೇನ್ರೀ?' ಎಂದು ಕೇಳುವವರು ಕೊನೇತನಕ ಓದಿ ಆಮೇಲೆ ಕೇಳಲಿ.

ಹಿತ್ತಲು ಹೋಯಿತು

ಹಿಂದೆ ಈ ತಾಪತ್ರಯ ಇರಲಿಲ್ಲ. ಮನೆ ಅಂದ ಮೇಲೆ ಹಿತ್ತಲು, ಹಿತ್ತಲು ಅಂದ ಮೇಲೆ ತೆಂಗು, ನುಗ್ಗೆ, ಕರಿಬೇವು. ನಾಯಿ ಸತ್ತರೆ ಮನೆ ಯಜಮಾನನೇ ಗುದ್ದಲಿ ಹಿಡಿದು ಮೂಲೆಯಲ್ಲಿ ಗುಂಡಿ ತೋಡುತ್ತಿದ್ದ. ಹಳೇ ಪಂಚೆಯಲ್ಲಿ ಸುತ್ತಿ ಇಳಿಸಿ, ಎರಡು ಹಿಡಿ ಉಪ್ಪು ಹಾಕಿ, ಮಣ್ಣು ಮುಚ್ಚುತ್ತಿದ್ದ. ಮನೆಯ ಅಜ್ಜಿ ದೇವರ ಪಟದ ಹೂವು ತಂದು ಮೇಲೆ ಹಾಕಿ, 'ಅದರ ಋಣ ಇಷ್ಟೇ ಇತ್ತು ಬಿಡ್ರೋ' ಅನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು. ಸೂತಕ ಇಲ್ಲ, ತಿಥಿ ಇಲ್ಲ. ಆದರೆ ಮರ್ಯಾದೆ ಇತ್ತು. ಹಳ್ಳಿಯಲ್ಲಿ ಇವತ್ತಿಗೂ ಹೊಲದ ಬದುವಿನಲ್ಲಿ ಹಾಗೇ ನಡೆಯುತ್ತದೆ.

ಊರು ಬೆಳೆಯಿತು. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಮನೆ. ಮಿಕ್ಕ ಮೂರಡಿಗೂ ಕಾಂಕ್ರೀಟು. ಮಳೆನೀರು ಇಂಗಲಿಕ್ಕೇ ಮಣ್ಣಿಲ್ಲ, ನಾಯಿ ಹೂಳಲಿಕ್ಕೆ ಎಲ್ಲಿಂದ ಬರಬೇಕು? ಮಹಡಿ ಮೇಲೆ ಬಾಡಿಗೆಗಿರುವವರ ಪಾಡಂತೂ ಕೇಳಲೇಬೇಡಿ. ನಾಯಿ ಸಾಕಲು ಒಪ್ಪಿಸಿದ್ದೇ ದೊಡ್ಡ ಮಾತು, ಅದು ಸತ್ತ ಮೇಲೆ ಮನೆ ಮಾಲೀಕರ ಗಿಡದ ಬುಡ ಕೇಳುವುದಕ್ಕಾಗುತ್ತದೆಯೇ?

ಪೇಟೆ ಬೀದಿಯ ಅಂಗಡಿಯವರಿಗೂ ಈ ಕಷ್ಟ ಗೊತ್ತು. ಅಕ್ಕಿ ಮಂಡಿ, ದಿನಸಿ ಅಂಗಡಿಗಳಲ್ಲಿ ಬೆಕ್ಕು ಸಾಕುವುದು ಶೋಕಿಗಲ್ಲ, ಇಲಿ ಕಾಟಕ್ಕೆ. ಮೂಟೆ ಸಂದಿಯಲ್ಲಿ ಮರಿ ಹಾಕಿ, ಗಲ್ಲಾಪೆಟ್ಟಿಗೆ ಪಕ್ಕ ನಿದ್ದೆ ಮಾಡಿ, ಸಂಬಳವಿಲ್ಲದೆ ದುಡಿಯುವ ಆಳು ಅದು. ಒಂದು ಬೆಳಿಗ್ಗೆ ಷಟರ್ ಎತ್ತಿದರೆ ಮೂಟೆ ಪಕ್ಕ ಸೆಟೆದು ಬಿದ್ದಿರುತ್ತದೆ. ಬೋಣಿ ಹೊತ್ತು. ಗಿರಾಕಿ ಬರುವ ಹೊತ್ತು. ಅಂಗಡಿ ಹುಡುಗನ ಕೈಗೆ ಪ್ಲಾಸ್ಟಿಕ್ ಕವರು ಕೊಟ್ಟು 'ಎಲ್ಲಾದ್ರೂ ಹಾಕ್ಬಿಟ್ಟು ಬಾರೋ' ಅನ್ನುತ್ತಾರೆ.

ಆ 'ಎಲ್ಲಾದ್ರೂ' ಎಲ್ಲಿದೆ? ಯಜಮಾನರಿಗೂ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ. ದೊಡ್ಡ ಮೋರಿ, ಖಾಲಿ ಸೈಟು, ಸಂತೆಮಾಳದ ಹಿಂಭಾಗ, ಸೇತುವೆ ಕೆಳಗೆ, ಕೊನೆಗೆ ಕೆರೆ. ಮೂರನೇ ದಿನ ಆ ಬೀದಿಯವರು ಬಂದು ಅದೇ ಅಂಗಡಿಯಲ್ಲಿ ಫಿನಾಯಿಲು ಕೊಳ್ಳುತ್ತಾರೆ.

ರಣಹದ್ದೂ ಹೋಯಿತು

ಊರಾಚೆ ಎಸೆದರೆ ಹದ್ದು ಕಾಗೆ ತಿಂದು ಮುಗಿಸುತ್ತವೆ, ಅದೂ ಒಂದು ಪುಣ್ಯ ಅನ್ನುವವರಿದ್ದಾರೆ. ಆ ಮಾತಿಗೆ ಹಿಂದೆ ಅರ್ಥ ಇತ್ತು. ಸತ್ತ ದನ ಊರಾಚೆ ಹಾಕಿದರೆ ರಣಹದ್ದಿನ ಹಿಂಡು ಇಳಿದು ಮೂಳೆ ಮಾತ್ರ ಬಿಡುತ್ತಿತ್ತು. ಇವತ್ತು ಆಕಾಶ ನೋಡಿ. ಒಂದಾದರೂ ಕಾಣುತ್ತದೆಯೇ?

1990ರ ದಶಕದಿಂದ ಈಚೆಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ದನಗಳಿಗೆ ಚುಚ್ಚಿದ ಔಷಧಿ ಸತ್ತ ದನದ ಮಾಂಸದ ಜೊತೆ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡ ಕೆಡಿಸಿತು. ಪಶುಗಳಿಗೆ ಈ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ನಮ್ಮ ರಾಜ್ಯದಲ್ಲಿ 'ಶೋಲೆ' ಸಿನಿಮಾ ತೆಗೆದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಿಸಿದರು. ಅಂದರೆ ಬೇಲಿ ಹಾಕಿ ಕಾಯುವ ಸ್ಥಿತಿಗೆ ಬಂದಿವೆ. ನಿಮ್ಮೂರಿನ ಸತ್ತ ನಾಯಿ ತಿನ್ನಲು ಅವು ಬರುವುದಿಲ್ಲ.

ಬರುವವರು ಬೇರೆ. ಬೀದಿನಾಯಿ, ಹಂದಿ, ಹೆಗ್ಗಣ. ಮಾಂಸ ಸಿಕ್ಕ ಕಡೆ ನಾಯಿಗಳು ಗುಂಪು ಕಟ್ಟುತ್ತವೆ. ಅದೇ ಗುಂಪು ಮೊದಲ ಬಸ್ಸು ಹಿಡಿಯಲು ಕತ್ತಲಲ್ಲಿ ಹೊರಟವರನ್ನು ಅಟ್ಟಿಸಿಕೊಂಡು ಬರುತ್ತದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು ನೋವಿನಿಂದ ಬಿಡುಗಡೆ ಮಾಡಿದ ಪ್ರಾಣಿಯಾಗಿದ್ದರೆ ಆ ಔಷಧಿ ಅದರ ಮೈಯಲ್ಲೇ ಉಳಿದಿರುತ್ತದೆ. ತಿಂದ ಪ್ರಾಣಿಗೂ ಅದು ವಿಷ. ಇನ್ನು ಕೆರೆಗೆ ಎಸೆದರಂತೂ ಊರಿನ ನೀರಿಗೇ ಹೊಲಸು. ಸಾರ್ವಜನಿಕರು ಬಳಸುವ ಕೆರೆ, ಬಾವಿಯ ನೀರನ್ನು ಬೇಕೆಂದೇ ಕೆಡಿಸುವುದು ಹಳೇ ದಂಡಸಂಹಿತೆಯ 277ನೇ ಕಲಮಿನಲ್ಲಿ ಅಪರಾಧವಾಗಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 279ನೇ ಕಲಮು. ಕಲಮಿನ ನಂಬರು ಬದಲಾಯಿತು, ಕೆರೆಗೆ ಎಸೆಯುವುದು ನಿಲ್ಲಲಿಲ್ಲ.

ನೂರು ರೂಪಾಯಿಗೆ ಕೈ ತೊಳೆದುಕೊಳ್ಳುವುದು

ಕೆರೆಗೆ ಹೋಗಲು ಮನಸ್ಸು ಒಪ್ಪದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಬೆಳಿಗ್ಗೆ ಕಸದ ಗಾಡಿ ಬಂದಾಗ ಪೌರಕಾರ್ಮಿಕನನ್ನು ಪಕ್ಕಕ್ಕೆ ಕರೆದು, ನೂರರ ನೋಟು ಮಡಚಿ ಕೈಗಿಟ್ಟು, 'ಇದೊಂದು ನೋಡ್ಕೊಂಬಿಡಪ್ಪಾ' ಅನ್ನುತ್ತಾರೆ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡುತ್ತಾರೆ. ಹೆಣ ಏನಾಯಿತು ಎಂದು ಕೇಳುವುದಿಲ್ಲ. ಕೇಳಿದರೂ ಅವನೇನು ಹೇಳಿಯಾನು? ಹಸಿ ಕಸದ ಜೊತೆ ಹೋಯಿತು, ಊರಾಚೆಯ ಕಸದ ರಾಶಿಯಲ್ಲಿ ಬಿತ್ತು. ಹೂಳಲು ಅವನಿಗೂ ಯಾರೂ ಜಾಗ ಕೊಟ್ಟಿಲ್ಲ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನಾಯಿ ಸತ್ತಾಗ ನಾವು ಯಾರನ್ನು ಕರೆಯುತ್ತೇವೆ, ಗಮನಿಸಿದ್ದೀರಾ? ಪಕ್ಕದ ಮನೆ ಮೇಷ್ಟರನ್ನು ಕರೆಯುವುದಿಲ್ಲ. ಎದುರು ಮನೆಯ ಬ್ಯಾಂಕಿನವರನ್ನು ಕರೆಯುವುದಿಲ್ಲ. ಸತ್ತ ಪ್ರಾಣಿ ಎಳೆಯುವುದು ಇಂಥವರದೇ ಕೆಲಸ ಎಂದು ಊರು ಎಂದೋ ಬರೆದಿಟ್ಟಿದೆ. ಅದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ನೋಟು ಮಡಚಿ ಕೊಡುತ್ತೇವೆ. ಗ್ಲೌಸು ಇಲ್ಲ, ಬೂಟು ಇಲ್ಲ. ನಾಯಿ ಯಾವ ರೋಗದಿಂದ ಸತ್ತಿತು ಎಂದು ತಿಳಿಸುವ ಸೌಜನ್ಯವೂ ಇಲ್ಲ.

ಈ ರಾಜ್ಯದಲ್ಲಿ 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದರು. ಹಾಗಾದರೆ ಪಾಯಿಖಾನೆ ಯಾರು ತೊಳೀತಾರೆ ಎಂದು ಆಗಲೂ ಕೇಳಿದವರಿದ್ದರು. 2016ರಲ್ಲಿ ಗುಜರಾತಿನ ಊನಾ ಬಳಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ದಲಿತ ಯುವಕರನ್ನು ಹೊಡೆದರು. ಅದಾದ ಮೇಲೆ ಅಲ್ಲಿನ ದಲಿತರು ಸತ್ತ ದನಗಳನ್ನು ಗಾಡಿಯಲ್ಲಿ ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಎದುರು ಹಾಕಿ, ನಿಮ್ಮದನ್ನು ನೀವೇ ಎತ್ತಿಕೊಳ್ಳಿ ಅಂದರು. ಆ ಮಾತು ಗುಜರಾತಿಗೆ ಮಾತ್ರ ಸೇರಿದ್ದಲ್ಲ. ಪ್ರೀತಿ ನಮ್ಮದು, ಹೆಣ ಅವರದು ಎಂಬ ಲೆಕ್ಕ ನಮ್ಮೂರಿನ ಪ್ರತಿ ಬೀದಿಯಲ್ಲೂ ನಡೆಯುತ್ತಿದೆ.

ಆತಕೂರಿನ ಕಲ್ಲು

ನಾಯಿಗೆ ಎಂಥ ಮರ್ಯಾದೆ, ಇದೆಲ್ಲಾ ಪಾಶ್ಚಾತ್ಯರ ಫ್ಯಾಷನ್ನು ಎಂದು ಮೂಗು ಮುರಿಯುವವರಿಗೆ ಒಂದು ಕಥೆ ಹೇಳುತ್ತೇನೆ. ಕಥೆ ಅಂದರೆ ಕಟ್ಟುಕಥೆಯಲ್ಲ, ಕಲ್ಲಿನಲ್ಲಿ ಕೆತ್ತಿದ್ದು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಸುಮಾರು ಕ್ರಿ.ಶ. 950ರ ಮಾತು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಕಡೆ ನಿಂತ ಗಂಗರ ಬೂತುಗ ಚೋಳನನ್ನು ಕೊಂದ. ಬೂತುಗನ ಬಂಟ ಮಣಲೇರ ಆ ಯುದ್ಧದಲ್ಲಿ ಮೆಚ್ಚುವಂತೆ ಹೋರಾಡಿದ. 'ಏನು ಬೇಕೋ ಕೇಳು' ಅಂದ ದೊರೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಮಣಲೇರ ಏನು ಮಾಡಿದ? ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕೆತ್ತಿಸಿದ. ಕಲ್ಲಿನ ಪೂಜೆಗೆ ಕೆರೆ ಕೆಳಗಿನ ಭೂಮಿ ಬಿಟ್ಟ. ಆ ಸ್ಥಾನದ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಬರೆಸಿದ. ಆ ಶಾಸನ ಇವತ್ತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಳಗನ್ನಡ ನಮ್ಮಂಥವರ ಬಾಯಿಗೆ ಹತ್ತದಿದ್ದರೂ ಚಿತ್ರ ನೋಡಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಬೆಂಗಳೂರಿಗೆ ಸಾಮಾನು ತರಲು ಹೋಗುವ ವ್ಯಾಪಾರಿಗಳು ಕಸ್ತೂರ್‌ಬಾ ರಸ್ತೆಯಲ್ಲಿ ಒಂದು ಗಳಿಗೆ ಇಳಿದು ನೋಡಿ ಬನ್ನಿ.

ಸಾವಿರ ವರ್ಷಕ್ಕೂ ಹಿಂದೆ ಸಾಕಿದ ನಾಯಿಗೆ ಕಲ್ಲು, ಪೂಜೆ, ಭೂಮಿ ಕೊಟ್ಟ ನಾಡು ಇದು. ಅದೇ ನಾಡಿನ ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಈ ಕಾಲದಲ್ಲೂ ನಾಯಿಗೆ ಗುಡಿ ಕಟ್ಟಿದ್ದಾರೆ.

ಸರ್ಕಾರಕ್ಕೂ ಮರ್ಯಾದೆ ಗೊತ್ತಿಲ್ಲವೆಂದಲ್ಲ. ಪೊಲೀಸ್ ಶ್ವಾನದಳದ ನಾಯಿ ಸತ್ತರೆ ಹೂವಿನ ಹಾರ ಹಾಕಿ ಗೌರವ ಕೊಟ್ಟು ಮಣ್ಣು ಮಾಡುತ್ತಾರೆ. 2012ರಿಂದ 2019ರವರೆಗೆ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲಿದ್ದಾಗ ಆ ಕಾಡಾನೆಯ ತಿವಿತಕ್ಕೆ ಸತ್ತಿತು. ಪೂಜೆ ಮಾಡಿ ಅಲ್ಲೇ ಮಣ್ಣು ಮಾಡಿದರು. ಮಾವುತ ಗೋಳಾಡಿದ್ದನ್ನು ನಾಡೇ ನೋಡಿತು. ಸಮಾಧಿ, ಸ್ಮಾರಕ ಆಗಬೇಕೆಂದು ಜನ ಹಟ ಹಿಡಿದರು. ಆನೆಗೆ ಅತ್ತ ಜನಕ್ಕೆ ತಮ್ಮ ಮನೆ ನಾಯಿಗೆ ಅಳುವ ಹಕ್ಕಿಲ್ಲವೇ? ಅತ್ತು ಮುಗಿದ ಮೇಲೆ ಒಯ್ದು ಇಡಲು ಒಂದು ಜಾಗ ಬೇಡವೇ?

ಸತ್ತ ದಿನ ಏನು ಮಾಡಬೇಕು

ಜಾಗ ಬರುವಾಗ ಬರಲಿ. ಅಲ್ಲಿಯವರೆಗೆ ಓದುಗರಿಗೆ ಉಪಯೋಗವಾಗಲೆಂದು ನಾಲ್ಕು ಮಾತು.

ಮೊದಲನೆಯದು, ಹೇಗೆ ಸತ್ತಿತು ಎಂದು ಯೋಚಿಸಿ. ವಯಸ್ಸಾಗಿ ಸತ್ತದ್ದು, ಗಾಡಿಗೆ ಸಿಕ್ಕಿ ಸತ್ತದ್ದು ಬೇರೆ. ನಾಲ್ಕೈದು ದಿನದಿಂದ ಸ್ವಭಾವ ಬದಲಾಗಿ, ಜೊಲ್ಲು ಸುರಿಸಿ, ಕಂಡಕಂಡವರನ್ನು ಕಚ್ಚಲು ಹೋಗಿ, ನೀರು ನುಂಗಲಾಗದೆ ಸತ್ತದ್ದೇ ಬೇರೆ. ಅದು ಹುಚ್ಚುನಾಯಿ ರೋಗ ಇರಬಹುದು. ಅಂಥ ಹೆಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೊಳೆಯಬೇಡಿ. ದನದಾಸ್ಪತ್ರೆ ಡಾಕ್ಟರಿಗೆ ತಿಳಿಸಿ. ಮಿದುಳಿನ ಪರೀಕ್ಷೆ ಮಾಡಿದರೆ ರೋಗ ಹೌದೋ ಅಲ್ಲವೋ ಗೊತ್ತಾಗುತ್ತದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಅದಕ್ಕೆ ಪ್ರಯೋಗಶಾಲೆ ಇದೆ. ಆದರೆ ಕಚ್ಚಿಸಿಕೊಂಡವರು, ಗಾಯದ ಮೇಲೆ ಜೊಲ್ಲು ತಾಗಿದವರು ಆ ವರದಿಗೆ ಕಾಯುತ್ತಾ ಕೂರಬಾರದು. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಕಂಡ ಮೇಲೆ ಮನುಷ್ಯ ಬದುಕುವುದಿಲ್ಲ ಅಂತಲೇ ತಿಳಿಯಿರಿ.

ಎರಡನೆಯದು, ತಡ ಮಾಡಬೇಡಿ. ಕೆಲವೇ ಗಂಟೆಯಲ್ಲಿ ಮೈ ಸೆಟೆಯುತ್ತದೆ. ಅದಕ್ಕೆ ಮುಂಚೆ ಕಾಲು ಮಡಚಿ, ಮಲಗಿದ ಹಾಗೆ ಮಾಡಿ ಇಡಿ. ಮೈ ತಣ್ಣಗಾದಂತೆ ಚಿಗಟ, ಉಣ್ಣೆ ಹೊರಬರುತ್ತವೆ, ಮಕ್ಕಳನ್ನು ದೂರ ಇರಿಸಿ. ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಹೊಟ್ಟೆ ಊದುತ್ತದೆ. ದೂರದೂರಿನಿಂದ ಮಗ ಬರಲಿ ಎಂದು ಎರಡು ದಿನ ಇಟ್ಟುಕೊಳ್ಳುವ ಸಾಹಸ ಬೇಡ.

ಮೂರನೆಯದು, ಪ್ಲಾಸ್ಟಿಕ್ ಬೇಡ. ಹಳೇ ಪಂಚೆಯೋ ಸೀರೆಯೋ ಸಾಕು. ಹತ್ತಿ ಬಟ್ಟೆ ಮಣ್ಣಿನ ಜೊತೆ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಒಳಗಿಟ್ಟರೆ ಒಳಗೇ ಕೊಳೆತು ನಾರುತ್ತದೆ. ಕತ್ತಿನ ಬೆಲ್ಟು, ಸರಪಳಿ ಬಿಚ್ಚಿಡಿ.

ನಾಲ್ಕನೆಯದು, ಗುಂಡಿ ಆಳ ಇರಲಿ. ಬೆಕ್ಕಿಗಾದರೆ ಮೂರಡಿ, ದೊಡ್ಡ ನಾಯಿಗಾದರೆ ನಾಲ್ಕಡಿ. ಬಾವಿ, ಬೋರ್‌ವೆಲ್, ಕಾಲುವೆಗೆ ದೂರ ಇರಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ ತೋಡಬೇಡಿ. ಮೇಲೆ ಸುಣ್ಣದ ಪುಡಿ ಎರಚಿ, ಮಣ್ಣು ತುಂಬಿ ತುಳಿದು, ನಾಲ್ಕು ಕಲ್ಲು ಇಟ್ಟು ಜಾಲಿ ಮುಳ್ಳು ಹರಡಿದರೆ ಬೀದಿನಾಯಿ ಕೆದಕುವುದಿಲ್ಲ. ಸುಣ್ಣ ಕೈ ಸುಡುತ್ತದೆ, ಹುಷಾರು.

ನಾಯಿಮರಿ ವಾಂತಿ, ರಕ್ತಭೇದಿಯಾಗಿ ಸತ್ತಿದ್ದರೆ ಅದು ಪಾರ್ವೊ ಇದ್ದೀತು. ಆ ರೋಗದ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ತಟ್ಟೆ, ಹಾಸು, ಮಲಗುತ್ತಿದ್ದ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯದೆ ಮಾರನೇ ವಾರವೇ ಇನ್ನೊಂದು ಮರಿ ತಂದು ಅದನ್ನೂ ಕಳೆದುಕೊಳ್ಳಬೇಡಿ.

ಮಕ್ಕಳ ವಿಚಾರ ಒಂದು ಮಾತು. 'ಓಡಿಹೋಯ್ತು ಕಣೋ' ಎಂದು ಸುಳ್ಳು ಹೇಳುವ ಅಪ್ಪ ಅಮ್ಮಂದಿರು ಬೇಕಾದಷ್ಟು. ಹಾಗೆ ಹೇಳಿದರೆ ಮಗು ದಿನಾ ಸಂಜೆ ಗೇಟಿನಲ್ಲಿ ನಿಂತು ಕಾಯುತ್ತದೆ. ರೋಗದ ಅನುಮಾನ ಇಲ್ಲದಿದ್ದರೆ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದು ಹಿಡಿ ಮಣ್ಣು ಹಾಕಿಸಿ. ಸಾವು ಅಂದರೇನು ಎಂದು ಮನೆಯಲ್ಲಿ ಅಜ್ಜ ತೀರಿಕೊಳ್ಳುವ ಮುಂಚೆ ಮಗುವಿಗೆ ತಿಳಿಸಿಕೊಡುವುದು ಬಹುಪಾಲು ಮನೆಗಳಲ್ಲಿ ಸಾಕಿದ ಪ್ರಾಣಿಯೇ.

ಹತ್ತು ಗುಂಟೆ ಕೇಳುತ್ತಿದ್ದೇವೆ

ಈಗ ಪುರಸಭೆಯವರ ಕಡೆ ತಿರುಗೋಣ.

1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ಪಟ್ಟಣ, ನಗರಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಅದರಲ್ಲಿದೆ. 6ನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ. 14ನೆಯದು ಹೂಳುವ ಮತ್ತು ಸುಡುವ ಸ್ಥಳಗಳು. 15ನೆಯದು ದನದ ದೊಡ್ಡಿ ಮತ್ತು ಪ್ರಾಣಿಹಿಂಸೆ ತಡೆ. ಈ ಮೂರು ಸಾಲಿನ ಮಧ್ಯೆ ಒಂದು ಸತ್ತ ನಾಯಿ ಮಲಗುವಷ್ಟು ಜಾಗ ಸಿಗುವುದಿಲ್ಲವೇ ಅಧ್ಯಕ್ಷರೇ?

ಬೇರೆಯವರು ಮಾಡಿದ್ದಾರೆ. ಬೆಂಗಳೂರಿನ ಕೆಂಗೇರಿ ಬಳಿ ಪ್ರಾಣಿದಯಾ ಸಂಸ್ಥೆಯೊಂದು ಸಾಕುಪ್ರಾಣಿಗಳನ್ನು ಹೂಳುವ ಜಾಗ ಮಾಡಿತು, ಸುಮನಹಳ್ಳಿಯಲ್ಲಿ ಪ್ರಾಣಿಗಳಿಗೇ ಎಂದು ಚಿತಾಗಾರ ಬಂತು. ಮುಂಬೈ ಪಾಲಿಕೆ 2023ರಲ್ಲಿ ಮಲಾಡಿನಲ್ಲಿ ಪೈಪ್ ಗ್ಯಾಸಿನಿಂದ ಉರಿಯುವ ಚಿತಾಗಾರ ತೆರೆಯಿತು, ನಾಯಿ ಬೆಕ್ಕಿನಂಥ ಸಣ್ಣ ಪ್ರಾಣಿಗಳಿಗೆ. ಪ್ಯಾರಿಸ್ಸಿನ ಜನ ಒಂದು ಕಾಲದಲ್ಲಿ ಸತ್ತ ನಾಯಿಗಳನ್ನು ಸೇನ್ ನದಿಗೆ ಎಸೆಯುತ್ತಿದ್ದರು, ಥೇಟ್ ನಮ್ಮ ಹಾಗೆ. 1898ರಲ್ಲಿ ಅಲ್ಲಿ ಕಾನೂನು ಬಂತು. ಮನೆಗಳಿಂದ ನೂರು ಮೀಟರ್ ದೂರದಲ್ಲಿ, ಮೇಲೆ ಒಂದು ಮೀಟರ್ ಮಣ್ಣು ಬರುವಂತೆ ಹೂಳಬೇಕೆಂದು. ಮರುವರ್ಷ 1899ರಲ್ಲಿ ಆನಿಯೇರ್ ಎಂಬಲ್ಲಿ ನಾಯಿಗಳ ಸ್ಮಶಾನ ತೆರೆದರು. ಅದು ಇವತ್ತಿಗೂ ಇದೆ. ಕಾನೂನು ಮಾಡಿದವರು ಜಾಗವನ್ನೂ ತೋರಿಸಿದರು. ಜಾಗ ತೋರಿಸದೆ ದಂಡ ಹಾಕುತ್ತೇವೆ ಎಂದು ಬೋರ್ಡು ನೆಟ್ಟರೆ ಬೋರ್ಡಿನ ಬುಡದಲ್ಲೇ ಚೀಲ ಬೀಳುತ್ತದೆ.

ನಮ್ಮಂಥ ಊರಿಗೆ ಕೋಟಿಯ ಚಿತಾಗಾರ ಬೇಡ. ಕೇಳುತ್ತಿರುವುದು ಹತ್ತು ಗುಂಟೆ. ನೀರಿನ ಸೆಲೆಗೆ ದೂರವಾದ, ಮಳೆಗೆ ಮುಳುಗದ ಸರ್ಕಾರಿ ಜಾಗ. ಸುತ್ತ ತಂತಿ ಬೇಲಿ, ಒಂದು ಗೇಟು, ಒಂದು ನಲ್ಲಿ. ಸುಣ್ಣದ ಚೀಲ, ಹಾರೆ, ಗುದ್ದಲಿ ಇಡಲು ಒಂದು ಶೆಡ್ಡು. ಗುಂಡಿ ತೋಡುವ ಕೆಲಸಕ್ಕೆ ಗೊತ್ತಾದ ಆಳು, ಅವರಿಗೆ ಸರಿಯಾದ ಕೂಲಿ, ಗ್ಲೌಸು, ಬೂಟು, ಹುಚ್ಚುನಾಯಿ ರೋಗದ ಲಸಿಕೆ. ಈ ಕೆಲಸ ಇಂಥ ಜಾತಿಯವರೇ ಮಾಡಬೇಕೆಂಬುದು ಇರಕೂಡದು. ಕೂಲಿ ಸರಿಯಾಗಿದ್ದರೆ, ಮರ್ಯಾದೆ ಇದ್ದರೆ ಯಾರಾದರೂ ಮಾಡುತ್ತಾರೆ. ಗೇಟಿನ ಮೇಲೆ ದರದ ಬೋರ್ಡು. ದುಡ್ಡಿದ್ದವರು ಕಟ್ಟಿ ರಸೀದಿ ತೆಗೆದುಕೊಳ್ಳಲಿ. ಬಡವರಿಗೆ, ಬೀದಿಯಲ್ಲಿ ಸತ್ತ ಪ್ರಾಣಿಗಳಿಗೆ ಬಿಟ್ಟಿ. ಒಂದು ರಿಜಿಸ್ಟರು ಇಡಲಿ, ಯಾವ ದಿನ, ಯಾವ ಪ್ರಾಣಿ, ಏನಾಗಿ ಸತ್ತಿತು. ಒಂದೇ ಬಡಾವಣೆಯಿಂದ ವಾರದಲ್ಲಿ ನಾಲ್ಕೈದು ನಾಯಿ ಬಂದರೆ ಆ ರಿಜಿಸ್ಟರೇ ಆರೋಗ್ಯ ಇಲಾಖೆಗೆ ಗಂಟೆ ಹೊಡೆಯುತ್ತದೆ. ಗುಂಡಿ ಮುಚ್ಚಿದ ಕಡೆ ಹೊಂಗೆಯೋ ಬೇವೋ ನೆಟ್ಟರೆ ಹತ್ತು ವರ್ಷದಲ್ಲಿ ಊರಿಗೊಂದು ತೋಪು.

ಇದಕ್ಕೆ ಬರುವ ಆಕ್ಷೇಪಣೆ ಗೊತ್ತಿದೆ. 'ಮನುಷ್ಯರಿಗೇ ಸ್ಮಶಾನ ಇಲ್ಲ, ನಾಯಿಗೆ ಸ್ಮಶಾನ ಬೇರೆ ಕೇಡು!' ಮಾತಿನಲ್ಲಿ ಸತ್ಯವಿದೆ. ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಎಂದು 2019ರಲ್ಲಿ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯಿತು. ಹೆಣ ಹೊತ್ತು ಇನ್ನೊಬ್ಬರ ಗದ್ದೆ ದಾಟಲಾಗದೆ ನಿಲ್ಲುವ ಕೇರಿಗಳು ಈ ರಾಜ್ಯದಲ್ಲಿವೆ. ಮನುಷ್ಯರ ಜಾಗ ಮೊದಲು ಆಗಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಯೋಚಿಸಿ. ಸತ್ತ ನಾಯಿ ಬೀಳುವುದು ಎಲ್ಲಿ? ಅಧ್ಯಕ್ಷರ ಮನೆ ಮುಂದಲ್ಲ, ಸದಸ್ಯರ ಬಡಾವಣೆಯಲ್ಲಲ್ಲ. ಮೋರಿ ಪಕ್ಕದ ಗುಡಿಸಲುಗಳ ಮುಂದೆ, ಕೆರೆ ಹಿಂದಿನ ಕೇರಿಯಲ್ಲಿ. ಸ್ಮಶಾನಕ್ಕೆ ಜಾಗ ಸಿಗದ ಜನರ ಬಾಗಿಲಲ್ಲೇ ಉಳ್ಳವರ ನಾಯಿಯೂ ಕೊಳೆಯುತ್ತದೆ. ಅದನ್ನು ಎತ್ತುವವರೂ ಅವರೇ. ಹಾಗಾಗಿ ಈ ಹತ್ತು ಗುಂಟೆ ಬರೀ ನಾಯಿ ಸಾಕುವವರ ಶೋಕಿಯ ಬೇಡಿಕೆ ಎಂದು ತಳ್ಳಿಹಾಕಬೇಡಿ.

ಸಾಕುವವರಿಗೂ ಒಂದು ಮಾತು. ಜಾಗ ಸಿಕ್ಕಿದ ಮೇಲೂ ಆಳಿನ ಕೈಗೆ ಚೀಲ ಕೊಟ್ಟು ಕಳಿಸಿದರೆ ಏನು ಬಂತು? ಗುಂಡಿ ಬೇಕಾದರೆ ಆಳೇ ತೋಡಲಿ. ನಿಮ್ಮ ನಾಯಿಯನ್ನು ಎತ್ತಿಕೊಂಡು ಹೋಗಿ ಇಳಿಸುವುದು ನಿಮ್ಮ ಕೆಲಸ. ಅನ್ನ ಹಾಕಿದ ಕೈಯೇ ಮಣ್ಣೂ ಹಾಕಲಿ. ಮುಟ್ಟಲು ಅಸಹ್ಯವೆಂದರೆ ನಿನ್ನೆಯವರೆಗೆ ಅದು ನಿಮ್ಮ ಮುಖ ನೆಕ್ಕುತ್ತಿದ್ದಾಗ ಅಸಹ್ಯ ಎಲ್ಲಿ ಹೋಗಿತ್ತು?

ಪುರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಯಾವ ಪಕ್ಷದ ಸದಸ್ಯರಾದರೂ ಸರಿ, ಈ ವಿಷಯ ಎತ್ತಿ ಒಂದು ಠರಾವು ಮಾಡಿಸಲಿ. ಸದಸ್ಯರಿಗೆ ಬಿಡುವಿಲ್ಲದಿದ್ದರೆ ವರ್ತಕರ ಸಂಘದವರು, ವಾರ್ಡಿನ ಹತ್ತು ಜನ ಸಹಿ ಹಾಕಿ ಮುಖ್ಯಾಧಿಕಾರಿಗೆ ಅರ್ಜಿ ಕೊಡಲಿ, ತಹಸೀಲ್ದಾರರಿಗೆ ಒಂದು ಪ್ರತಿ ಕಳಿಸಲಿ. ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಸೀಲು ಬಿದ್ದ ಪ್ರತಿಯನ್ನು ಈ ಕಚೇರಿಗೆ ತಲುಪಿಸಿದರೆ, ಎಷ್ಟು ದಿನಕ್ಕೆ ಉತ್ತರ ಬಂತು, ಏನು ಬಂತು ಎಂದು ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.